ಅಪ್ಪನ ಡಯಟ್ ಶೀಟೂ ಅರ್ಧ ಚಮಚ ಎಣ್ಣೆಯೂ

‘ಸಲಾಡ್ ವಿತ್ ಲೋ ಫ್ಯಾಟ್ ಡ್ರೆಸಿಂಗ್, ಒಂದು ಬೌಲ್, ಊಟಕ್ಕೆ ಅರ್ಧ ಗಂಟೆ ಮೊದಲು.’

ಇದು ಅಪ್ಪನ ಡಯಟ್ ಶೀಟಿನಲ್ಲಿದ್ದ ಒಂದು ಸಾಲು. ಇಡೀ ಶೀಟು ಇಂಗ್ಲಿಷಿನಲ್ಲಿತ್ತು. ಅದನ್ನು ಪಾಲಿಸಬೇಕಾದವರು ಶಿರಾ ತಾಲ್ಲೂಕಿನ ಗೌಡಗೆರೆಯ ರೈತ, ಕನ್ನಡ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವರು, ನಲವತ್ತು ವರ್ಷದಿಂದ ಮಳೆ ನಂಬಿಕೊಂಡು ಕಡ್ಲೆಕಾಯಿ ಬೆಳೆದವರು. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡು ಬೆಂಗಳೂರಿನ ಆಸ್ಪತ್ರೆಯೊಂದರಿಂದ ಹೊರಟ ದಿನ ಬಿಲ್ಲು, ಮಾತ್ರೆ ಚೀಟಿ, ಸ್ಕ್ಯಾನಿಂಗ್ ರಿಪೋರ್ಟುಗಳ ಜೊತೆ ಆ ಹಾಳೆಯನ್ನೂ ಕವರಿನಲ್ಲಿಟ್ಟು ಕೊಟ್ಟಿದ್ದರು. ಓಟ್ಸ್ ಇತ್ತು, ಬ್ರೌನ್ ಬ್ರೆಡ್ ಇತ್ತು, ಬೇಯಿಸಿದ ಮೊಟ್ಟೆಯ ಬಿಳಿ ಭಾಗ ಇತ್ತು. ರಾಗಿ ಮುದ್ದೆ ಇರಲಿಲ್ಲ. ಉಪ್ಸಾರು, ಹುರುಳಿಕಾಳು, ಅವರೆಕಾಳು ಯಾವುದೂ ಇರಲಿಲ್ಲ. ತುಮಕೂರು ದಾಟಿ ಕಾರು ಶಿರಾ ಕಡೆ ಬರುವಷ್ಟರಲ್ಲಿ ಅಪ್ಪ ಮೂರು ಸಲ ಕೇಳಿದರು, ‘ಅದ್ರಾಗೆ ಮುದ್ದೆ ತಿನ್ನಬೌದು ಅಂತ ಬರ್ದವ್ರಾ ನೋಡಮ್ಮ.’

ಪತ್ರಿಕೋದ್ಯಮ ಓದಿದ್ದೇನೆ, ಇಂಗ್ಲಿಷಿನ ಸುದ್ದಿಯನ್ನು ಕನ್ನಡಕ್ಕೆ ತರುವುದೇ ನನ್ನ ದಿನದ ಕೆಲಸ. ಹಾಗಾಗಿ ಆ ಶೀಟನ್ನು ಕನ್ನಡ ಮಾಡುವ ಜವಾಬ್ದಾರಿ ನನ್ನ ಮೇಲೇ ಬಿತ್ತು. ಉಳಿದ ಸಾಲುಗಳೆಲ್ಲ ಸಲೀಸಾಗಿ ಬಂದವು. ಡ್ರೆಸಿಂಗ್ ಅನ್ನುವ ಪದದ ಹತ್ತಿರ ಪೆನ್ನು ನಿಂತಿತು. ನಮ್ಮಲ್ಲಿ ಡ್ರೆಸಿಂಗ್ ಅಂದರೆ ಗಾಯಕ್ಕೆ ಕಟ್ಟುವ ಬ್ಯಾಂಡೇಜು. ಅಮ್ಮ ಅದನ್ನೇ ಅಂದುಕೊಂಡು, ‘ಕಾಲು ಹತ್ರ ಪಟ್ಟಿ ಬಿಚ್ಚಿ ಆಯ್ತಲ್ಲ, ಇನ್ಯಾಕೆ?’ ಅಂದರು. ತರಕಾರಿ ಮೇಲೆ ಸುರಿಯುವ ಹುಳಿ, ಉಪ್ಪು, ಎಣ್ಣೆಯ ಮಿಶ್ರಣಕ್ಕೆ ಒಂದೇ ಪದದ ಕನ್ನಡ ಇಲ್ಲ. ನಾವು ಅದನ್ನು ಬೇರೆಯಾಗಿ ಮಾಡಿ ಬಾಟಲಿಯಲ್ಲಿ ತುಂಬಿಡುವವರಲ್ಲ. ಕೋಸಂಬರಿಗೆ ನಿಂಬೆ ಹಿಂಡುತ್ತೇವೆ, ಒಗ್ಗರಣೆ ಕೊಡುತ್ತೇವೆ. ಮೊಸರು ಬಜ್ಜಿಗೆ ಮೊಸರೇ ಎಲ್ಲ. ಮುದ್ದೆ ಜೊತೆ ಈರುಳ್ಳಿ ಕಚ್ಚುವಾಗ ಸಾರೇ ಡ್ರೆಸಿಂಗು.

ಅಣ್ಣ ಅತ್ತಿಗೆ ಬೆಂಗಳೂರಿನಲ್ಲಿರುತ್ತಾರೆ. ಮುಂದಿನ ಭಾನುವಾರ ಅತ್ತಿಗೆ ಒಂದು ಬಾಟಲಿ ತಂದರು. ಮುಂದುಗಡೆ ಹಸಿರು ಎಲೆಗಳ ಚಿತ್ರ, ಅದರ ಮೇಲೆ ದೊಡ್ಡದಾಗಿ ‘ಲೋ ಫ್ಯಾಟ್’. ಮಾವನ ಮೇಲಿನ ಕಾಳಜಿಯಿಂದಲೇ ತಂದದ್ದು, ಅದರಲ್ಲಿ ಅನುಮಾನವಿಲ್ಲ. ಬೆಲೆ ನೋಡಿ ಅಮ್ಮ, ‘ಈ ದುಡ್ಡಿಗೆ ಎರಡು ಸೇರು ಕಳ್ಳೆಬೀಜ ಬತ್ತಿತ್ತು’ ಅಂದದ್ದು ಅತ್ತಿಗೆಗೆ ಸ್ವಲ್ಪ ಬೇಜಾರಾಯಿತು. ನಾನು ಬಾಟಲಿಯನ್ನು ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಲು ಕೂತೆ.

ಲೇಬಲ್ಲು ಓದುವುದಕ್ಕೆ ಒಂದು ಸುಲಭದ ಸೂತ್ರವಿದೆ. ಸಾಮಗ್ರಿಗಳ ಪಟ್ಟಿಯಲ್ಲಿ ಯಾವುದು ತೂಕದಲ್ಲಿ ಹೆಚ್ಚೋ ಅದು ಮೊದಲು ಬರಬೇಕು, ಇದು ಕಾನೂನು. ಈ ಬಾಟಲಿಯಲ್ಲಿ ಮೊದಲು ನೀರು, ಎರಡನೆಯದು ಸಕ್ಕರೆ. ಆಮೇಲೆ ವಿನೆಗರ್, ಉಪ್ಪು, ಸ್ವಲ್ಪ ಎಣ್ಣೆ, ಮಂದವಾಗಿಸುವ ಪದಾರ್ಥ 415, ಕೆಡದಂತೆ ಕಾಪಾಡುವ 211. ನೂರು ಗ್ರಾಂಗೆ ಸಕ್ಕರೆ 20 ಗ್ರಾಂ, ಸೋಡಿಯಂ 900 ಮಿಲಿಗ್ರಾಂ. ಎರಡು ದೊಡ್ಡ ಚಮಚ, ಅಂದರೆ ಸುಮಾರು 30 ಗ್ರಾಂ ಹಾಕಿದರೆ 6 ಗ್ರಾಂ ಸಕ್ಕರೆ. ಟೀ ಚಮಚದ ಲೆಕ್ಕದಲ್ಲಿ ಒಂದೂವರೆ. ಸೋಡಿಯಂ ಅನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. ಆ ಎರಡು ಚಮಚದಲ್ಲಿ ಮುಕ್ಕಾಲು ಗ್ರಾಂಗೆ ಹತ್ತಿರದಷ್ಟು ಉಪ್ಪು. ದಿನಕ್ಕೆ ಒಟ್ಟು 5 ಗ್ರಾಂ ಉಪ್ಪಿಗಿಂತ ಕಡಿಮೆ ತಿನ್ನಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಪ್ಪನಿಗೆ ಬಿ.ಪಿ. ಬೇರೆ ಇದೆ.

ಕಂಪನಿಯವರು ಸುಳ್ಳು ಹೇಳಿದ್ದಾರೆ ಎಂದು ನಾನು ಹೇಳುತ್ತಿಲ್ಲ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮದ ಪ್ರಕಾರ ‘ಲೋ ಫ್ಯಾಟ್’ ಎಂದು ಬರೆಯಬೇಕಾದರೆ ಗಟ್ಟಿ ಪದಾರ್ಥವಾದರೆ ನೂರು ಗ್ರಾಂನಲ್ಲಿ 3 ಗ್ರಾಂ, ದ್ರವವಾದರೆ ನೂರು ಮಿಲಿಲೀಟರಿನಲ್ಲಿ ಒಂದೂವರೆ ಗ್ರಾಂಗಿಂತ ಹೆಚ್ಚು ಕೊಬ್ಬು ಇರಬಾರದು. ಕೊಬ್ಬು ಕಡಿಮೆ ಇದೆ ಎಂದರೆ ಕೊಬ್ಬು ಕಡಿಮೆ ಇದೆ ಎಂದಷ್ಟೇ ಅರ್ಥ. ಸಕ್ಕರೆ, ಉಪ್ಪಿನ ಬಗ್ಗೆ ಆ ಎರಡು ಪದ ಏನನ್ನೂ ಹೇಳುವುದಿಲ್ಲ. ಸಕ್ಕರೆ ಅಲ್ಲಿಗೆ ಯಾಕೆ ಬಂತು ಅನ್ನುವುದೂ ಅಡುಗೆ ಮಾಡುವವರಿಗೆ ಗೊತ್ತಾಗುವ ವಿಷಯವೇ. ಎಣ್ಣೆ ಹುಳಿಯ ಚುರುಕನ್ನು ಮೆತ್ತಗೆ ಮಾಡುತ್ತದೆ, ಉಪ್ಪು ಖಾರವನ್ನು ತರಕಾರಿಗೆ ಅಂಟಿಸುತ್ತದೆ. ಅದನ್ನು ತೆಗೆದರೆ ಉಳಿಯುವುದು ಹುಳಿ ನೀರು. ಅದು ಬಟ್ಟಲಿನ ತಳಕ್ಕಿಳಿಯುತ್ತದೆ. ಆಗ ಹುಳಿ ಮರೆಮಾಡಲು ಸಕ್ಕರೆ ಬೇಕು, ಅಂಟಿಕೊಳ್ಳಲು ಮಂದದ ಪುಡಿ ಬೇಕು. ಆ 415 ಅಂದರೆ ಜಾಂಥನ್ ಗಮ್, ಅದೇನೂ ವಿಷವಲ್ಲ. ವಾಟ್ಸಾಪಿನಲ್ಲಿ ಅದರ ಬಗ್ಗೆ ಬರುವುದನ್ನೆಲ್ಲ ನಂಬಬೇಡಿ. ನನ್ನ ತಕರಾರು ಸಕ್ಕರೆ, ಉಪ್ಪಿನ ಮೇಲೆ.

ಅಪ್ಪ ಅದನ್ನು ಸೌತೆಕಾಯಿಗೆ ಹಾಕಿಕೊಂಡು ಒಂದು ತುತ್ತು ತಿಂದರು. ‘ಕೆಮ್ಮಿನ ಔಷಧಿ ಇದ್ದಂಗೈತೆ’ ಅಂದರು. ಬಾಟಲಿ ಫ್ರಿಜ್ಜಿನ ಬಾಗಿಲು ಸೇರಿತು.

ಇದಕ್ಕಿಂತ ದೊಡ್ಡ ತೊಂದರೆ ಅಷ್ಟರಲ್ಲಾಗಲೇ ಮನೆಯಲ್ಲಿ ಶುರುವಾಗಿತ್ತು. ಅಮ್ಮ ‘ಲೋ ಫ್ಯಾಟ್’ ಅನ್ನು ‘ಎಣ್ಣೆ ಬಂದ್’ ಎಂದು ಅರ್ಥ ಮಾಡಿಕೊಂಡಿದ್ದರು. ಸಾರಿಗೆ ಒಗ್ಗರಣೆ ಇಲ್ಲ, ಪಲ್ಯ ಬರೀ ಬೇಯಿಸಿದ್ದು, ಕಡ್ಲೆಕಾಯಿ ಮೂಟೆ ಅಟ್ಟಕ್ಕೆ ಹೋಯಿತು. ಭಯ ಅವರನ್ನು ಹಾಗೆ ಮಾಡಿಸುತ್ತಿತ್ತು. ರಾತ್ರಿ ಅಪ್ಪ ಮಗ್ಗುಲು ಬದಲಿಸಿದರೂ ಎದ್ದು ಕೂರುತ್ತಿದ್ದರು. ಇತ್ತ ಅಪ್ಪ ಊಟ ಬಿಡುತ್ತ ಬಂದರು. ತಟ್ಟೆಯಲ್ಲಿ ಹೆಚ್ಚಿಟ್ಟ ಹಸಿ ಕ್ಯಾರೆಟ್ಟು, ಎಲೆಕೋಸು ನೋಡಿ, ‘ಇದು ನಂಗೆ ಇಕ್ಕಿರದಾ, ಎಮ್ಮೆಗೆ ಇಕ್ಕಿರದಾ?’ ಎಂದು ಎದ್ದು ಹೋಗುತ್ತಿದ್ದರು. ಎರಡು ತಿಂಗಳಲ್ಲಿ ನಾಲ್ಕು ಕೆ.ಜಿ. ಇಳಿದರು. ಇಳಿಯಲಿ ಎಂದೇ ಡಾಕ್ಟರು ಹೇಳಿದ್ದರೂ, ಹೀಗೆ ಮುಖ ಸೊರಗಿ, ಮಾತು ಕಡಿಮೆಯಾಗಿ ಇಳಿಯುವುದು ಬೇರೆ. ಒಂದು ದಿನ ಕಣದ ಹತ್ತಿರ ಹೋದಾಗ ಅವರ ಅಂಗಿ ಜೇಬಿನಲ್ಲಿ ಹುರಿದ ಕಡ್ಲೆಕಾಯಿ ಸಿಪ್ಪೆ ಇತ್ತು. ತಾನೇ ಬಿತ್ತಿ, ತಾನೇ ಕಿತ್ತು, ತಾನೇ ಬಡಿದ ಕಾಯಿಯನ್ನು ಅರವತ್ನಾಲ್ಕು ವರ್ಷದ ಮನುಷ್ಯ ಕದ್ದು ತಿನ್ನುವಂತಾಗಿದ್ದು ನನಗೆ ಸಹಿಸಲಾಗಲಿಲ್ಲ.

ಶಿರಾದಲ್ಲಿ ಪರಿಚಯದ ಡಾಕ್ಟರೊಬ್ಬರ ಹತ್ತಿರ ಕರೆದುಕೊಂಡು ಹೋದೆವು. ಅವರು ಅಮ್ಮನಿಗೆ ಹೇಳಿದ್ದು ಇಷ್ಟೇ: ‘ಎಣ್ಣೆ ಬಿಡಿಸಿ ಅಂದೋರ್ಯಾರಮ್ಮ? ಅಳೆದು ಹಾಕಿ.’ ಆ ಮಾತಿನಿಂದ ನನ್ನ ಹುಡುಕಾಟ ಒಂದು ದಾರಿಗೆ ಬಂತು.

ರಾಷ್ಟ್ರೀಯ ಪೋಷಣಾ ಸಂಸ್ಥೆ ಹೈದರಾಬಾದಿನಲ್ಲಿದೆ. ಅದು 2024ರಲ್ಲಿ ಭಾರತೀಯರಿಗಾಗಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ 2000 ಕ್ಯಾಲೊರಿಯ ಒಂದು ದಿನದ ತಟ್ಟೆಯ ಲೆಕ್ಕವಿದೆ. ತರಕಾರಿ, ಸೊಪ್ಪು ಸೇರಿ 400 ಗ್ರಾಂ, ಎಣ್ಣೆ ಜಿಡ್ಡು 27 ಗ್ರಾಂ, ಕಡ್ಲೆಕಾಯಿ ಎಳ್ಳು ಮುಂತಾದ ಎಣ್ಣೆ ಬೀಜಗಳು 35 ಗ್ರಾಂ. ಇದು ಆರೋಗ್ಯವಂತರ ಲೆಕ್ಕ, ಅಪ್ಪನಿಗೆ ಡಾಕ್ಟರು ಇನ್ನೂ ಬಿಗಿ ಮಾಡಿದರು. ಆದರೆ ಸೊನ್ನೆ ಅಂತ ಎಲ್ಲೂ ಇಲ್ಲ. ಒಬ್ಬರಿಗೆ 27 ಗ್ರಾಂ ಅಂದರೆ ನಾಲ್ಕು ಜನರ ಮನೆಗೆ ತಿಂಗಳಿಗೆ ಹೆಚ್ಚುಕಡಿಮೆ ಮೂರೂವರೆ ಲೀಟರ್. ನಿಮ್ಮ ಮನೆಯ ದಿನಸಿ ಚೀಟಿ ತೆಗೆದು ಒಮ್ಮೆ ನೋಡಿ. ನಮ್ಮ ಮನೆಯಲ್ಲಿ ಅಪ್ಪನಿಗೆ ಹೀಗಾಗುವ ಮುಂಚೆ ಐದು ಲೀಟರಿನ ಕ್ಯಾನು ತಿಂಗಳು ಮುಟ್ಟುತ್ತಿರಲಿಲ್ಲ. ಆಗಲೂ ಅದು ಕೋಸಂಬರಿಗೆ ಹೋಗುತ್ತಿರಲಿಲ್ಲ. ಚಿತ್ರಾನ್ನಕ್ಕೆ, ಹಪ್ಪಳಕ್ಕೆ, ಹಬ್ಬದ ಒಬ್ಬಟ್ಟು ಬೋಂಡಕ್ಕೆ ಹೋಗುತ್ತಿತ್ತು. ಇದರ ಮೇಲೆ ಸಂಜೆ ಬಸ್ ಸ್ಟ್ಯಾಂಡಿನ ಹತ್ತಿರ ಮೆಣಸಿನಕಾಯಿ ಬಜ್ಜಿ ಬೇರೆ.

ತರಕಾರಿಗೆ ಒಂದಿಷ್ಟು ಜಿಡ್ಡು ಬೇಕೇ ಬೇಕು ಅನ್ನುವುದಕ್ಕೂ ಕಾರಣವಿದೆ. ಎ, ಡಿ, ಇ, ಕೆ ಜೀವಸತ್ವಗಳು ಜಿಡ್ಡಿನಲ್ಲಿ ಕರಗುವಂಥವು. ಕ್ಯಾರೆಟ್ಟಿನ, ಸೊಪ್ಪಿನ ಬಣ್ಣದ ಅಂಶಗಳೂ ಹಾಗೆಯೇ. ಅಮೆರಿಕದ ಅಯೋವಾ ರಾಜ್ಯ ವಿಶ್ವವಿದ್ಯಾಲಯದವರು 2004ರಲ್ಲಿ ಒಂದು ಸಣ್ಣ ಪ್ರಯೋಗ ಪ್ರಕಟಿಸಿದರು. ಏಳೇ ಜನ, ಒಂದೇ ಥರದ ಸಲಾಡು, ಮೂರು ಥರದ ಡ್ರೆಸಿಂಗು: ಎಣ್ಣೆ ಇಲ್ಲದ್ದು, 6 ಗ್ರಾಂ ಇರುವುದು, 28 ಗ್ರಾಂ ಇರುವುದು. ಎಣ್ಣೆ ಇಲ್ಲದ್ದನ್ನು ತಿಂದಾಗ ಈ ಬಣ್ಣದ ಅಂಶಗಳು ರಕ್ತಕ್ಕೆ ಸೇರಿದ್ದು ಲೆಕ್ಕಕ್ಕೆ ಸಿಗದಷ್ಟು ಕಡಿಮೆ. 2012ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದವರು 29 ಜನರ ಮೇಲೆ ಮಾಡಿದ ಪ್ರಯೋಗದಲ್ಲಿ ಇನ್ನೂ ಉಪಯೋಗದ ವಿಷಯ ಸಿಕ್ಕಿತು. ಬೆಣ್ಣೆ, ಸೋಯಾ ಎಣ್ಣೆ, ಕನೋಲಾ ಎಣ್ಣೆ ಮೂರನ್ನೂ ಬೇರೆ ಬೇರೆ ಪ್ರಮಾಣದಲ್ಲಿ ಕೊಟ್ಟು ನೋಡಿದರು. ಕನೋಲಾದಂಥ ಏಕ ಅಪರ್ಯಾಪ್ತ ಕೊಬ್ಬು ಹೆಚ್ಚಿರುವ ಎಣ್ಣೆಯಾದರೆ 3 ಗ್ರಾಂ ಮಾಡುವ ಕೆಲಸವೂ 20 ಗ್ರಾಂ ಮಾಡುವ ಕೆಲಸವೂ ಹೆಚ್ಚುಕಡಿಮೆ ಒಂದೇ ಆಗಿತ್ತು. ಕಡ್ಲೆಕಾಯಿ ಎಣ್ಣೆಯಲ್ಲೂ ಸುಮಾರು ಅರ್ಧದಷ್ಟು ಕೊಬ್ಬು ಈ ಜಾತಿಯದೇ. 3 ಗ್ರಾಂ ಅಂದರೆ ಟೀ ಚಮಚದ ಮುಕ್ಕಾಲು ಭಾಗಕ್ಕಿಂತ ಕಡಿಮೆ. ಒಂದು ಒಗ್ಗರಣೆ ಸಟ್ಟುಗ ಒದ್ದೆಯಾಗುವಷ್ಟು.

ಇದನ್ನು ಓದಿದಾಗ ನನಗೆ ಸಿಟ್ಟೂ ಬಂತು. ನಮ್ಮ ಶಿರಾ, ಪಾವಗಡ, ಮಧುಗಿರಿಯ ಕೆಂಪು ಹೊಲಗಳಲ್ಲಿ ಆಷಾಢದ ಮಳೆಗೆ ಕಡ್ಲೆಕಾಯಿ ಬಿತ್ತುವುದು ತಾತನ ಕಾಲದಿಂದ ನಡೆದುಬಂದದ್ದು. ಟಿ.ಎಂ.ವಿ. 2 ಅನ್ನುವ ತಳಿಯ ಹೆಸರು ಓದು ಬಾರದವರ ಬಾಯಲ್ಲೂ ಇದೆ. ಪಕ್ಕದ ಚಳ್ಳಕೆರೆಗೆ ಎಣ್ಣೆ ನಗರ ಎಂಬ ಹೆಸರು ಬಂದಿದ್ದೇ ಇಂಥ ಹೊಲಗಳ ಕಾಯಿಯಿಂದ. ಆದರೆ ಕಾಯಿಯನ್ನು ಮಂಡಿಗೆ ಹಾಕಿ ವಾಪಸು ಬರುವಾಗ ನಾವು ತರುವುದು ಪಾಮ್ ಎಣ್ಣೆ ಪ್ಯಾಕೆಟ್ಟು. ನಮ್ಮ ದೇಶ ತಾನು ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೊರಗಿನಿಂದ ತರಿಸಿಕೊಳ್ಳುತ್ತದೆ, ಅದರಲ್ಲಿ ಪಾಮ್ ಎಣ್ಣೆಯದೇ ದೊಡ್ಡ ಪಾಲು. ಬೆಲೆ ಕಡಿಮೆ, ಬಡವರ ಮನೆಗೆ ಅನುಕೂಲ, ಸರಿ. ಆದರೆ ಅದರ ಕೊಬ್ಬಿನಲ್ಲಿ ಸುಮಾರು ಅರ್ಧ ಪರ್ಯಾಪ್ತ ಕೊಬ್ಬು, ಹೃದ್ರೋಗಿಗೆ ಡಾಕ್ಟರು ಮೊದಲು ಕಡಿಮೆ ಮಾಡಿ ಅನ್ನುವಂಥದ್ದು. ಕಡ್ಲೆಕಾಯಿ ಎಣ್ಣೆಯಲ್ಲಿ ಅದು ಐದರಲ್ಲೊಂದು ಪಾಲಿನಷ್ಟು. ಸ್ಟೆಂಟ್ ಹಾಕಿಸಿಕೊಂಡ ಕಡ್ಲೆಕಾಯಿ ರೈತನ ಮನೆಯಲ್ಲಿ ಕಡ್ಲೆಕಾಯಿ ಮೂಟೆ ಅಟ್ಟದ ಮೇಲೆ, ಪಾಮ್ ಎಣ್ಣೆಯ ಕ್ಯಾನು ಒಲೆಯ ಪಕ್ಕ.

ಇಲ್ಲಿ ಗಾಣದ ಎಣ್ಣೆಯ ಅಭಿಮಾನಿಗಳಿಗೂ ಒಂದು ಮಾತು. ಗಾಣದಲ್ಲಿ ತೆಗೆದರೂ ಮಿಲ್ಲಿನಲ್ಲಿ ತೆಗೆದರೂ ಒಂದು ಗ್ರಾಂ ಎಣ್ಣೆಗೆ 9 ಕ್ಯಾಲೊರಿ. ವಾಸನೆ ಚೆಂದ, ಅದರಿಂದ ಕಡಿಮೆ ಎಣ್ಣೆಯಲ್ಲೇ ರುಚಿ ಬರುತ್ತದೆ, ಅಷ್ಟರ ಮಟ್ಟಿಗೆ ಲಾಭ. ಗಾಣಕ್ಕೆ ಕೊಡುವ ಬೀಜದಲ್ಲಿ ಬೂಷ್ಟು ಹಿಡಿದದ್ದು, ಮುದುಡಿದ್ದು ಇದ್ದರೆ ಆರಿಸಿ ತೆಗೆಯಬೇಕು. ಆ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು, ಅದು ಯಕೃತ್ತಿಗೆ ಕೆಟ್ಟದ್ದು. ‘ಮಾರಕ್ಕೆ ಒಳ್ಳೇದು, ಮನೆಗೆ ಉಳಿಕೆ’ ಅನ್ನುವ ರೂಢಿ ನಮ್ಮಲ್ಲಿದೆಯಲ್ಲ, ಅದು ಈ ವಿಷಯದಲ್ಲಿ ಆಗುವುದಿಲ್ಲ.

ಆಮೇಲಿನ ಎರಡು ವಾರ ನಮ್ಮ ಅಡುಗೆಮನೆ ಪ್ರಯೋಗಶಾಲೆಯಾಯಿತು. ಮೊದಲು ಅಳತೆ. ಮಕ್ಕಳ ಜ್ವರದ ಔಷಧಿಯ ಜೊತೆ ಬರುತ್ತದಲ್ಲ, 5 ಮಿಲಿಲೀಟರಿನ ಪ್ಲಾಸ್ಟಿಕ್ ಚಮಚ, ಅದನ್ನು ತೊಳೆದು ಎಣ್ಣೆ ಡಬ್ಬಿಯ ಕುತ್ತಿಗೆಗೆ ದಾರದಲ್ಲಿ ಕಟ್ಟಿದೆ. ಒಂದು ಚಮಚಕ್ಕೆ ನಾಲ್ಕೂವರೆ ಗ್ರಾಂ ಎಣ್ಣೆ, 40 ಕ್ಯಾಲೊರಿ. ಸೌಟಿನಲ್ಲಿ ಸುರಿಯುತ್ತಿದ್ದ ಅಮ್ಮನಿಗೆ ಮೊದಲ ದಿನ ನಗು ಬಂತು, ಎರಡನೆಯ ದಿನ ಸಿಟ್ಟು ಬಂತು, ವಾರ ಕಳೆಯುವಷ್ಟರಲ್ಲಿ ಅಭ್ಯಾಸವಾಯಿತು.

ಕೋಸಂಬರಿಯಿಂದ ಶುರು ಮಾಡಿದೆವು. ರಾಮನವಮಿಗೆ ಮಾತ್ರ ಅಂತಿದ್ದದ್ದು ದಿನದ ಊಟಕ್ಕೆ ಬಂತು. ನೆನೆಸಿದ ಹೆಸರುಬೇಳೆ ಒಂದು ಹಿಡಿ, ಸೌತೆಕಾಯಿ, ತುರಿದ ಕ್ಯಾರೆಟ್ಟು, ಕೊತ್ತಂಬರಿ, ಅರ್ಧ ನಿಂಬೆಹಣ್ಣು. ಕಾಯಿತುರಿಯ ಹತ್ತಿರ ಜಗಳವಾಯಿತು. ಹಸಿ ತೆಂಗಿನಕಾಯಿಯಲ್ಲಿ ಮೂರನೇ ಒಂದು ಭಾಗ ಕೊಬ್ಬು, ಅದೂ ಹೆಚ್ಚಿನದು ಪರ್ಯಾಪ್ತ. ತುಮಕೂರು ಜಿಲ್ಲೆಯಲ್ಲಿ ಹುಟ್ಟಿ ಕಾಯಿಗೆ ಕೆಟ್ಟ ಹೆಸರು ತರಬಾರದು, ಆದರೂ ಅಪ್ಪನ ಪಾಲಿಗೆ ಒಂದು ಚಿಟಿಕೆ ಮೇಲುಗಡೆ ಉದುರಿಸುವಷ್ಟು ಸಾಕು ಎಂದು ತೀರ್ಮಾನವಾಯಿತು. ಒಗ್ಗರಣೆಗೆ ಅರ್ಧ ಚಮಚ ಕಡ್ಲೆಕಾಯಿ ಎಣ್ಣೆ, ಸಾಸಿವೆ, ಇಂಗು, ಒಂದು ಒಣಮೆಣಸಿನಕಾಯಿ. ಬಿಸಿ ಎಣ್ಣೆ ಇಂಗಿನ, ಸಾಸಿವೆಯ ವಾಸನೆಯನ್ನು ಹೀರಿಕೊಂಡು ಇಡೀ ಬಟ್ಟಲಿಗೆ ಹರಡುತ್ತದೆ. ಅಷ್ಟು ಕಡಿಮೆ ಎಣ್ಣೆಯಲ್ಲಿ ಅಷ್ಟು ರುಚಿ ತರುವ ಉಪಾಯ ಆ ವಿಲಾಯಿತಿ ಬಾಟಲಿಗೆ ಗೊತ್ತಿಲ್ಲ.

ಉಪ್ಪಿನದೊಂದು ಗುಟ್ಟಿದೆ, ಅಮ್ಮನಿಗೆ ಮೊದಲೇ ಗೊತ್ತಿತ್ತು. ಮೊದಲೇ ಉಪ್ಪು ಬೆರೆಸಿಟ್ಟರೆ ಸೌತೆಕಾಯಿ ನೀರು ಬಿಡುತ್ತದೆ, ಉಪ್ಪೆಲ್ಲ ಆ ನೀರಿನ ಜೊತೆ ತಳಕ್ಕೆ ಹೋಗುತ್ತದೆ, ನಾಲಿಗೆಗೆ ಸಪ್ಪೆ ಎನ್ನಿಸಿ ಮತ್ತೆ ಹಾಕುತ್ತೇವೆ. ತಟ್ಟೆಗೆ ಬಡಿಸಿದ ಮೇಲೆ ಉದುರಿಸಿದರೆ ಅರ್ಧದಷ್ಟರಲ್ಲೇ ಮುಗಿಯುತ್ತದೆ. ಅಂಗಡಿಯಲ್ಲಿ ಸಿಗುವ ಲೋ ಸೋಡಿಯಂ ಉಪ್ಪನ್ನು ಮಾತ್ರ ಡಾಕ್ಟರನ್ನು ಕೇಳದೆ ತರಬೇಡಿ. ಅದರಲ್ಲಿ ಪೊಟಾಸಿಯಂ ಇರುತ್ತದೆ, ಮೂತ್ರಪಿಂಡದ ತೊಂದರೆ ಇರುವವರಿಗೆ, ಕೆಲವು ಬಿ.ಪಿ. ಮಾತ್ರೆ ನುಂಗುವವರಿಗೆ ಅದು ಆಗುವುದಿಲ್ಲ.

ಎರಡನೆಯದು ಮಜ್ಜಿಗೆಯದು. ಎಮ್ಮೆ ಇರುವ ಮನೆಯಲ್ಲಿ ಬೆಣ್ಣೆ ಕಡೆದು ತೆಗೆದ ಮೇಲೆ ಉಳಿಯುವ ಮಜ್ಜಿಗೆಗಿಂತ ಕಡಿಮೆ ಕೊಬ್ಬಿನ ಡ್ರೆಸಿಂಗ್ ಯಾವ ಸೂಪರ್ ಮಾರ್ಕೆಟ್ಟಿನಲ್ಲಿ ಸಿಗುತ್ತದೆ ಹೇಳಿ. ಆ ಮಜ್ಜಿಗೆಯನ್ನು ಒಂದು ರಾತ್ರಿ ಅಲುಗಾಡಿಸದೆ ಇಟ್ಟರೆ ಮೇಲೆ ತಿಳಿನೀರು ನಿಲ್ಲುತ್ತದೆ. ಅದನ್ನು ಬಗ್ಗಿಸಿ ತೆಗೆದರೆ ಅಡಿಯಲ್ಲಿ ಮಂದವಾದದ್ದು ಉಳಿಯುತ್ತದೆ. ಅದಕ್ಕೆ ಜಜ್ಜಿದ ಶುಂಠಿ, ಹಸಿಮೆಣಸಿನಕಾಯಿ, ಹುರಿದು ಪುಡಿ ಮಾಡಿದ ಜೀರಿಗೆ. 415 ಬೇಕಿಲ್ಲ, ತಾನೇ ತರಕಾರಿಗೆ ಅಂಟುತ್ತದೆ. ಈರುಳ್ಳಿ, ಎಲೆಕೋಸಿಗೆ ಇದು ಚೆನ್ನಾಗಿ ಹೊಂದಿತು.

ಮೂರನೆಯದರ ಮೇಲೆ ನನಗೆ ಸ್ವಲ್ಪ ಪಕ್ಷಪಾತವಿದೆ. ಅಟ್ಟದ ಮೂಟೆ ಕೆಳಗಿಳಿಸಿ, ಎಣ್ಣೆ ಹಾಕದೆ ಹುರಿದು, ಸಿಪ್ಪೆ ತೂರಿ, ಒಂದು ದೊಡ್ಡ ಚಮಚದಷ್ಟು ತರಿತರಿ ಪುಡಿ ಮಾಡಿ, ಹುಣಸೆಹಣ್ಣಿನ ರಸ, ಬೆಳ್ಳುಳ್ಳಿ, ನೀರು ಸೇರಿಸಿ ಗಂಜಿಯ ಹದಕ್ಕೆ ಕದಡುವುದು. ಕಡ್ಲೆಬೀಜದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಎಣ್ಣೆಯೇ, ಹಾಗಾಗಿ ಒಂದು ಚಮಚ ಪುಡಿಯಲ್ಲಿ ನಾಲ್ಕು ಗ್ರಾಂ ಕೊಬ್ಬು ಬರುತ್ತದೆ. ಅದರ ಜೊತೆ ಪ್ರೋಟೀನೂ ನಾರೂ ಬರುತ್ತವೆ. ಬೇರೆ ಎಣ್ಣೆ ಒಂದು ತೊಟ್ಟೂ ಬೇಡ. ಕಡ್ಲೆಕಾಯಿ ಇಲ್ಲದ ದಿನ ಹುಚ್ಚೆಳ್ಳಿನ ಪುಡಿಯಲ್ಲೂ ಹೀಗೇ ಮಾಡಿದೆವು, ಕಪ್ಪಗೆ ಕಾಣುತ್ತದೆ, ಅತ್ತಿಗೆಗೆ ಹಿಡಿಸಲಿಲ್ಲ, ಅಪ್ಪ ಬಟ್ಟಲು ನೆಕ್ಕಿದರು.

ಕಡ್ಲೆಕಾಯಿಯದನ್ನು ತಿಂದ ದಿನ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ. ‘ಇದು ಆ ಚೀಟಿನಾಗೆ ಬರ್ದವ್ರಾ?’

‘ನಾನು ಬರ್ದಿದ್ದೀನಪ್ಪಾ’ ಅಂದೆ. ಕನ್ನಡದ ಹಾಳೆಯಲ್ಲಿ ನಿಜವಾಗಿಯೂ ಬರೆದಿದ್ದೆ, ಮುದ್ದೆಯನ್ನೂ ಸೇರಿಸಿ, ಶಿರಾದ ಡಾಕ್ಟರಿಗೆ ತೋರಿಸಿ, ಅವರು ಎರಡು ಕಡೆ ತಿದ್ದಿ ಕೊಟ್ಟ ಮೇಲೆ. ಮುದ್ದೆ ಸಣ್ಣದು, ಸೊಪ್ಪಿನ ಸಾರು ಜಾಸ್ತಿ, ವಾರದಲ್ಲಿ ಎರಡು ದಿನ ಹುರುಳಿಕಾಳು. ಹುರಿದ ಕಡ್ಲೆಕಾಯಿ ದಿನಕ್ಕೆ ಒಂದು ಹಿಡಿ, ಅಪ್ಪನ ಹಿಡಿಯಲ್ಲ, ಅಮ್ಮನ ಹಿಡಿ.

ಇಷ್ಟೆಲ್ಲ ಆದ ಮೇಲೂ ಒಂದು ಪ್ರಶ್ನೆ ನನ್ನಲ್ಲಿ ಉಳಿದಿದೆ. ಅದು ಊಟದ್ದಲ್ಲ, ನಾವು ಓದಿದ ವಿಷಯದ್ದು. ತುಮಕೂರು ಜಿಲ್ಲೆಯ ಎಷ್ಟೋ ಹೊಲಗಳಲ್ಲಿ ಮಿಡಿಸೌತೆ ಬೆಳೆಯುತ್ತಾರೆ. 1990ರ ದಶಕದ ಆರಂಭದಲ್ಲಿ ಕರ್ನಾಟಕದಲ್ಲೇ ಶುರುವಾದ ಗುತ್ತಿಗೆ ಬೇಸಾಯ ಅದು, ಈಗ ದೇಶದಲ್ಲಿ ಸುಮಾರು 90 ಸಾವಿರ ಸಣ್ಣ ರೈತರು ಅದರಲ್ಲಿದ್ದಾರೆ ಎಂದು ಕೇಂದ್ರ ಸರ್ಕಾರ 2022ರಲ್ಲಿ ಹೇಳಿತ್ತು. ಆ ಕಾಯಿ ವಿನೆಗರಿನಲ್ಲೋ ಉಪ್ಪುನೀರಿನಲ್ಲೋ ಮುಳುಗಿ ಯುರೋಪು, ಅಮೆರಿಕದ ಊಟದ ಮೇಜಿಗೆ ಹೋಗುತ್ತದೆ. ಅಲ್ಲಿನವರಿಗೆ ಯಾವ ಗಾತ್ರದ ಕಾಯಿ ಬೇಕು, ಎಷ್ಟು ಹುಳಿ ಬೇಕು ಎಂದು ನಮ್ಮ ರೈತನಿಗೆ ಕನ್ನಡದಲ್ಲಿ ಬಿಡಿಸಿ ಹೇಳುವ ಜನ ಮೋಟರ್ ಬೈಕಿನಲ್ಲಿ ಹೊಲಕ್ಕೇ ಬರುತ್ತಾರೆ. ಅದೇ ರೈತನ ಎದೆಗೆ ಸ್ಟೆಂಟ್ ಹಾಕಿದ ಮೇಲೆ ಏನು ತಿನ್ನಬೇಕೆಂದು ಕನ್ನಡದಲ್ಲಿ ಒಂದು ಹಾಳೆ ಬರೆದುಕೊಡಲು ಆಗುವುದಿಲ್ಲವೇ? ಗುಣಮಟ್ಟದ ತರಬೇತಿ ಪಡೆದ ಆಹಾರ ತಜ್ಞೆ ಆ ಆಸ್ಪತ್ರೆಯಲ್ಲಿದ್ದರು, ಕನ್ನಡವನ್ನೂ ಚೆನ್ನಾಗಿಯೇ ಮಾತಾಡಿದರು. ಹಾಳೆ ಮಾತ್ರ ಎಲ್ಲರಿಗೂ ಒಂದೇ ಅಚ್ಚಿನದು. ಮುಂದಿನ ತಪಾಸಣೆಗೆ ಹೋಗುವಾಗ ನಮ್ಮ ಹಾಳೆಯ ಒಂದು ಪ್ರತಿಯನ್ನು ಅವರಿಗೆ ಕೊಟ್ಟುಬರಬೇಕು ಅಂದುಕೊಂಡಿದ್ದೇನೆ. ನಿಮ್ಮಲ್ಲಿ ಯಾರಾದರೂ ಜಿಲ್ಲಾ ಆಸ್ಪತ್ರೆಗಳ ಬಗ್ಗೆ ಬರೆಯುತ್ತಿದ್ದರೆ ಅಲ್ಲಿನ ಡಯಟ್ ಶೀಟು ಯಾವ ಭಾಷೆಯಲ್ಲಿದೆ, ಅದರಲ್ಲಿ ಯಾವ ಊಟವಿದೆ ಎಂದು ಒಂದು ಸಲ ಕೇಳಿ ನೋಡಿ.

ಈ ವಾರ ಶಿರಾ ಸಂತೆಯಲ್ಲಿ ಸೌತೆಕಾಯಿ ದುಬಾರಿ. ಮೂಲಂಗಿ ತಂದಿದ್ದೇವೆ. ಅದಕ್ಕೆ ಮಜ್ಜಿಗೆಯದು ಹೊಂದುತ್ತದೆ ಎಂದು ನಾನು, ಕಳ್ಳೆಬೀಜದ್ದೇ ಬೇಕು ಎಂದು ಅಪ್ಪ.